ಕೊನೆಯ ಬಾಟಲಿ ಯಾರ ಮನೆಯದು

ಶಿರಸಿಯ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದ ಮೊದಲ ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನ ದಿನ ಯಾವ ಪ್ರಯೋಗವೂ ಇರುತ್ತಿರಲಿಲ್ಲ. ಅವತ್ತು ಸರ್ ಅವರ ಮೂಗನ್ನು ನೋಡುವುದಿತ್ತು.

ಸರ್ ಅಂದರೆ ವಿಭಾಗದ ಮುಖ್ಯಸ್ಥರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೆಮಿಸ್ಟ್ರಿ ಓದಿದವರು ಯಾರೇ ಇರಲಿ, ಅವರ ಕೈಕೆಳಗೆ ಹಾದುಬಂದವರೇ. ಔಷಧಿ ಅಂಗಡಿ ಇಟ್ಟವನು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ರಕ್ತಪರೀಕ್ಷೆಯ ಲ್ಯಾಬಿನವನು, ಯಾರನ್ನೇ ಕೇಳಿ, ಸರ್ ಕಲಿಸಿದ ಪಾಠ ಒಂದೂ ನೆನಪಿರುವುದಿಲ್ಲ, ಮೂಗಿನ ಕತೆ ಮಾತ್ರ ಹೇಳುತ್ತಾರೆ.

ಆ ದಿನದ ಪದ್ಧತಿ ಹೀಗಿತ್ತು. ಮೊದಲು ಪರಿಚಯ. ಒಬ್ಬೊಬ್ಬರೇ ಎದ್ದು ನಿಂತು ಹೆಸರು, ಊರು, ಅಪ್ಪನ ಕೆಲಸ ಹೇಳಬೇಕು. ಆಮೇಲೆ ಲ್ಯಾಬಿನ ಅಟೆಂಡರ್ ಬಂದು ಲೇಬಲ್ ಇಲ್ಲದ ನಾಲ್ಕು ಕಂದು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ. ಸರ್ ತಮ್ಮದೇ ಕರವಸ್ತ್ರದಿಂದ ಕಣ್ಣು ಕಟ್ಟಿಸಿಕೊಂಡು, ಬಾಟಲಿಯ ಬಾಯಿಯ ಮೇಲೆ ಕೈ ಬೀಸಿ, ಗಾಳಿಯನ್ನು ಮೂಗಿನ ಕಡೆ ತಂದುಕೊಂಡು ಹೆಸರು ಹೇಳುತ್ತಿದ್ದರು. "ಬೆಂಜಾಲ್ಡಿಹೈಡ್. ಕಹಿ ಬಾದಾಮಿ." ಹೇಳಿದ ಮೇಲೆ ಬಾಟಲಿ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ಪ್ರತಿಯೊಬ್ಬನೂ ಮೂಸಬೇಕು. ಸರ್ "ಬಂತಾ?" ಅನ್ನುತ್ತಿದ್ದರು, ಅವನು "ಬಂತು ಸರ್" ಅನ್ನಬೇಕು. ಎರಡನೆಯದು ನೋವಿನ ಮುಲಾಮಿನ ವಾಸನೆಯದು, ಮೂರನೆಯದು ಅಸಿಟಿಕ್ ಆಸಿಡ್. ಕೊನೆಗೆ ಪಿರಿಡಿನ್.

ಪಿರಿಡಿನ್ ಎಂಬ ದ್ರವದ್ದು ಕೊಳೆತ ಮೀನಿನಂಥ ವಾಸನೆ. ಮುಚ್ಚಳ ತೆಗೆದರೆ ಸಾಕು, ಇಡೀ ಕೋಣೆ ಮುಖ ಸಿಂಡರಿಸುತ್ತದೆ. ಸರ್ ಅದನ್ನು ಕೊನೆಗೇ ಇಟ್ಟುಕೊಳ್ಳುತ್ತಿದ್ದದ್ದು ಅದಕ್ಕೇ. ಹೆಸರು ಹೇಳಿ, ಕಣ್ಣಿನ ಕರವಸ್ತ್ರ ಬಿಚ್ಚಿ, "ಇದು ಯಾರ ಮನೇದು?" ಎಂದು ಕೇಳುತ್ತಿದ್ದರು. ಕೇಳಿದವರೇ ಬಾಟಲಿ ಹಿಡಿದು ಬೆಂಚುಗಳ ನಡುವೆ ಮೂಗು ಮುಂದೆ ಮಾಡಿಕೊಂಡು ಹೊರಡುತ್ತಿದ್ದರು. ಎಲ್ಲರೂ ನಗುತ್ತಿದ್ದರು, ತನ್ನ ಹತ್ತಿರ ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಲೇ ನಗುತ್ತಿದ್ದರು. ಯಾರ ಮುಂದೆ ನಿಂತರೋ ಅವರ ಎದುರಿಗೆ ಪಿರಿಯಡ್ ಮುಗಿಯುವ ತನಕ ಆ ಬಾಟಲಿ ಇರಬೇಕು. ಸರ್ ಅವರ ಮೈಯಲ್ಲಿ ಮೂಸಿ ಹೇಳಿದ್ದೇ ಮುಂದಿನ ಮೂರು ವರ್ಷ ಅವರ ಹೆಸರು.

ನಮ್ಮ ವರ್ಷ ಸರ್ ನಿಂತದ್ದು ನನ್ನ ಮುಂದೆ.

"ಕಿರವತ್ತಿ ಅಲ್ದನೇ ನೀನು? ಢಾಬಾ," ಅಂದರು. ಎರಡು ಸಲ ಮೂಗೆಳೆದುಕೊಂಡರು. "ನಿನ್ನೆ ಮಟನ್. ಮಸಾಲೆ ಸಮೇತ. ಮೈ ಬಿಟ್ಟೇ ಇಲ್ಲ ನೋಡು ಮಾರಾಯ್ತಿ. ಬಂತಾ?"

ನಮ್ಮದು ಕಿರವತ್ತಿಯಲ್ಲಿ ಹೆದ್ದಾರಿ ಬದಿಯ ಢಾಬಾ, ನಿಜ. ಅಪ್ಪನಿಗೆ ಮೊದಲು ಲಾರಿ ಇತ್ತು, ಬೆನ್ನು ಹೋದ ಮೇಲೆ ಢಾಬಾ ಹಾಕಿದರು. ಆದರೆ ಆ ವಾರ ಢಾಬಾ ಮುಚ್ಚಿತ್ತು. ರಸ್ತೆ ರಿಪೇರಿಯವರು ಎದುರಿಗೆ ಮಣ್ಣಿನ ಗುಡ್ಡೆ ಹಾಕಿ ಲಾರಿ ನಿಲ್ಲಲು ಜಾಗವೇ ಇಲ್ಲದಂತೆ ಮಾಡಿದ್ದರು. ದೊಡ್ಡ ಒಲೆಗೆ ಬೆಂಕಿ ಬಿದ್ದಿರಲಿಲ್ಲ. ನಿನ್ನೆ ಮನೆಯಲ್ಲಿ ಆಗಿದ್ದು ಬೇಳೆ ಸಾರು ಅನ್ನ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸರ್ ಹಾಗೆ ಅಂದ ಮೇಲೆ ನನ್ನ ತೋಳು ನಾನೇ ಮೂಸಿಕೊಂಡೆ. ಮಟನ್ ವಾಸನೆ ಬಂತು. ದೇವರಾಣೆ ಬಂತು.

"ಬಂತು ಸರ್," ಅಂದೆ. ಎಲ್ಲರ ಜೊತೆ ನಾನೂ ನಕ್ಕೆ.

ಅಲ್ಲಿಂದ ಮೂರು ವರ್ಷ ನಾನು "ಮಟನ್." ಸ್ನಾನ ಎರಡು ಸಲ ಮಾಡಿದರೂ ಮಟನ್. ಒಮ್ಮೆ ಚಿಕ್ಕಮ್ಮ ಕೊಟ್ಟ ಅತ್ತರ್ ಹಚ್ಚಿಕೊಂಡು ಹೋದೆ. ಸರ್ ಟೈಟ್ರೇಶನ್ ಮಾಡುತ್ತಿದ್ದವರ ನಡುವೆ ಬಂದು, ಬ್ಯೂರೆಟ್ಟಿನ ನಲ್ಲಿ ತಿರುಗಿಸುತ್ತಿದ್ದ ನನ್ನ ಹತ್ತಿರ ನಿಂತು, "ಮೇಲೆ ಅತ್ತರ್, ಅಡಿಗೆ ಮಟನ್. ಇದಕ್ಕೆ ಮಿಶ್ರಣ ಅಂತ ಹೇಳ್ತಾರೆ. ಬೇರ್ಪಡಿಸೋದು ಎರಡನೇ ವರ್ಷದಲ್ಲಿ ಕಲಿಸ್ತೆ," ಅಂದರು. ಮಾತಿನ ಕೊನೆಗೆ ಅವರ ಮನೆಯ ಭಾಷೆ ಇಣುಕುತ್ತಿತ್ತು. ನನ್ನ ಬ್ಯೂರೆಟ್ಟಿನಿಂದ ಅಳತೆ ಮೀರಿ ಸುರಿದು ದ್ರಾವಣವೆಲ್ಲ ಕಡು ಗುಲಾಬಿಯಾಯಿತು. ತಪ್ಪಾದ ರೀಡಿಂಗ್‌ಗೆ ಮಾರ್ಕ್ಸ್ ಕಳೆದವರೂ ಅವರೇ.

ಮನೆಯಲ್ಲಿ ಹೇಳಿದೆ. ಅಪ್ಪನದು ಹುಬ್ಬಳ್ಳಿ ಕಡೆಯ ಡ್ರೈವರುಗಳ ಜೊತೆ ಮಾತಾಡಿ ಮಾತಾಡಿ ಬಂದ ಭಾಷೆ. "ಬಿಡು ಬೇಟಿ. ದೊಡ್ಡ ಮಂದಿ ಅದಾರ, ಏನೋ ಅಂತಾರ. ನಿನಗ ಅವರ ಕಡೆಯಿಂದ ವಿದ್ಯೆ ಬೇಕಲ್ಲ," ಅಂದರು. ಅವರ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಚಿಕ್ಕಂದಿನಿಂದ.

ಆ ಸಿಟ್ಟಿನಲ್ಲೇ ಮೂಗು ಬೆಳೆಸಿದೆ. ಬೇರೆಯವರು ರಿಯಾಕ್ಷನ್ ಬಾಯಿಪಾಠ ಮಾಡುವಾಗ ನಾನು ಸ್ಟೋರ್ ರೂಮಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ಕೈ ಬೀಸಿ, ಕಣ್ಣು ಮುಚ್ಚಿ ಗುರುತು ಹಿಡಿಯುತ್ತಿದ್ದೆ. ಪುಸ್ತಕದಲ್ಲಿ ಹಾಗೆ ಮೂಸಬೇಡಿ ಎಂದು ಬರೆದಿತ್ತು. ನಮ್ಮ ಲ್ಯಾಬಿನಲ್ಲಿ ಪುಸ್ತಕಕ್ಕಿಂತ ಸರ್ ದೊಡ್ಡವರು. "ಮೂಗು ಇಲ್ಲದವರಿಗೆ ಕೆಮಿಸ್ಟ್ರಿ ಇಲ್ಲ" ಎನ್ನುವುದು ಅವರ ಮಾತು.

ಎಂ.ಎಸ್ಸಿ.ಯನ್ನೂ ಅಲ್ಲೇ ಮಾಡಿದೆ. ಅಲ್ಲಿಗೆ ಬರುವಾಗ ಕೆಮಿಸ್ಟ್ರಿ ಮೂಗಿನಿಂದ ಕಾಗದಕ್ಕೆ ಏರುತ್ತದೆ. ವಸ್ತು ಯಾವುದೆಂದು ಯಂತ್ರ ಗೀಚಿದ ಗೆರೆಗಳ ಏರಿಳಿತ ನೋಡಿ ಹೇಳಬೇಕು. ನಮ್ಮಲ್ಲಿ ಆ ಯಂತ್ರ ಇರಲಿಲ್ಲ. ಸರ್ ಯಾವ ಕಾಲದಲ್ಲೋ ತಂದ ಹಾಳೆಗಳ ಜೆರಾಕ್ಸ್ ಇತ್ತು, ಅದರದ್ದೇ ಜೆರಾಕ್ಸ್ ನಮಗೆ. ಒಂದು ಹಾಳೆಯಲ್ಲಿ ಮೂಲೆಯ ಹತ್ತಿರ ಸಣ್ಣದೊಂದು ಮೊನೆ ಎದ್ದಿತ್ತು. ಅದು ಜೆರಾಕ್ಸ್ ಗಾಜಿನ ಮೇಲಿನ ಕಸ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಸರ್ ಮಾತ್ರ ಅದು ಕಲಬೆರಕೆಯ ಗುರುತು ಎಂದು ಪಾಠ ಮಾಡುತ್ತಿದ್ದರು. ಹಿಂದಿನ ಬ್ಯಾಚಿನವರೆಲ್ಲ ಆ ಕಸಕ್ಕೆ ವಿವರಣೆ ಬರೆದು ಪಾಸಾಗಿದ್ದರು. ನಾನೂ ಬರೆದೆ. ಒಳ್ಳೆಯ ಮಾರ್ಕ್ಸ್ ಬಂತು.

ಒಂದು ದಿನ ಪ್ರಾಕ್ಟಿಕಲ್ಲಿನಲ್ಲಿ ಎರಡು ದ್ರವ ಕಲೆತ ಬಾಟಲಿ ಬಂತು. ಸರ್ ಒಂದರ ಹೆಸರು ಹೇಳಿದರು. ನಾನು ಎರಡನೆಯದರ ಹೆಸರೂ ಹೇಳಿದೆ. ಪರೀಕ್ಷೆ ಮಾಡಿದಾಗ ನಾನು ಹೇಳಿದ್ದೇ ಸರಿಯಾಗಿತ್ತು. ಸರ್ ನನ್ನನ್ನು ನೋಡಿ, "ಮೂಗು ನಾಯಿಗೂ ಇರ್ತದೆ," ಎಂದು ಮುಂದಿನ ಬೆಂಚಿಗೆ ಹೋದರು.

ಎಂ.ಎಸ್ಸಿ. ಆದ ಮೇಲೆ ಅದೇ ವಿಭಾಗದಲ್ಲಿ ಗೆಸ್ಟ್ ಲೆಕ್ಚರರ್ ಆದೆ. ಗೆಸ್ಟ್ ಅಂದರೆ ಹೆಸರಿಗೆ ಅತಿಥಿ. ಪ್ರತಿ ಜೂನಿಗೆ ನೌಕರಿ ಮುಗಿಯುತ್ತದೆ, ಮುಖ್ಯಸ್ಥರು ಬೇಕು ಅಂದರೆ ಮತ್ತೆ ಕರೆಯುತ್ತಾರೆ, ಬೇಡ ಅಂದರೆ ಕೊಟ್ಟ ಏಪ್ರನ್ ಹಿಂದೆ ಕೊಟ್ಟು ಮನೆಗೆ ಹೋಗಬೇಕು. ಢಾಬಾಕ್ಕೆ ಹಿಂದಿರುಗಿ ಹೋಗುವುದು ನನಗೆ ಬೇಕಿರಲಿಲ್ಲ. ಮದುವೆಯ ಮಾತು ಬಂದಾಗೆಲ್ಲ ನೌಕರಿ ಇದೆಯಲ್ಲ ಎಂದು ತಳ್ಳಿಹಾಕುತ್ತಿದ್ದೆ. ಅಷ್ಟೂ ಸರ್ ಕೈಯಲ್ಲಿತ್ತು.

ಆಮೇಲೆ ಜ್ವರದ ಕಾಲ ಬಂತು. ಕಾಲೇಜು ಮುಚ್ಚಿತು. ಸರ್‌ಗೂ ಜ್ವರ ಬಂದು ವಾರಗಟ್ಟಲೆ ಮಲಗಿದ್ದಾರಂತೆ ಎಂದು ಸುದ್ದಿ ಬಂತು. ಕಾಲೇಜು ತೆರೆದಾಗ ಅವರು ಸ್ವಲ್ಪ ಸೊರಗಿ, ಆದರೆ ಅದೇ ಗತ್ತಿನಲ್ಲಿ ಬಂದರು.

ತೆರೆದ ಕೆಲವು ದಿನಕ್ಕೆ ಎಂ.ಎಸ್ಸಿ. ಹುಡುಗನೊಬ್ಬ ಸ್ಟೋರ್ ರೂಮಿನಲ್ಲಿ ಪಿರಿಡಿನ್ ಬಾಟಲಿ ಒಡೆದ. ಎಲ್ಲರೂ ಬಾಯಿ ಮೂಗು ಮುಚ್ಚಿಕೊಂಡು ಕಾರಿಡಾರಿಗೆ ಓಡಿ ಬಂದೆವು. ಒಬ್ಬಳು ಕಂಬದ ಹತ್ತಿರ ವಾಂತಿ ಮಾಡಿಕೊಂಡಳು. ಸರ್ ಮಾತ್ರ ಕಾಣಲಿಲ್ಲ. ಅವರ ಮೇಜು ಸ್ಟೋರ್ ರೂಮಿನ ಬಾಗಿಲಿಗೇ ತಾಗಿ ಇರುವುದು. ದುಪಟ್ಟಾ ಮುಚ್ಚಿಕೊಂಡು ಒಳಗೆ ಹೋಗಿ ನೋಡಿದರೆ, ಮಾಸ್ಕ್ ಗದ್ದಕ್ಕೆ ಇಳಿಸಿ, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಪೇಪರ್ ತಿದ್ದುತ್ತಾ ಕೂತಿದ್ದರು. ಆ ವಾಸನೆಯ ನಡುವೆ, ಆರಾಮಾಗಿ.

"ಎಂತ ಆತು? ಎಲ್ಲಾ ಎಂತಕ್ಕೆ ಹೊರಗೆ?" ಅಂದರು.

ಅವರು ನನ್ನ ಮೂಗಿನ ಮೇಲಿದ್ದ ದುಪಟ್ಟಾ ನೋಡಿದರು. ಕಾರಿಡಾರಿನ ಗಲಾಟೆ ಕೇಳಿಸಿಕೊಂಡರು. ಅದ್ದಿದ್ದ ಬಿಸ್ಕತ್ತು ಮೆತ್ತಗಾಗಿ ಚಹಾದೊಳಗೆ ಬಿತ್ತು.

"ಯಂಗೆ ವಾಸ್ನೆ ಬತ್ತಿಲ್ಲೆ," ಅಂದರು. "ಜ್ವರ ಬಂದಾಗಿಂದ ಎಂತದೂ ಬತ್ತಿಲ್ಲೆ. ಯಾರ ಹತ್ರನೂ ಹೇಳಡ."

ಜ್ವರ ಆ ಮೂಗನ್ನೇ ತೆಗೆದುಕೊಂಡು ಹೋಗಿತ್ತು. ನನ್ನ ಜೊತೆ ಅವರು ಮನೆಯ ಭಾಷೆಯಲ್ಲಿ ಪೂರ್ತಿ ಮಾತಾಡಿದ್ದು ಅದೇ ಮೊದಲು. ಮರುಕ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಖುಷಿಯಾಯಿತು. ಹೊಟ್ಟೆಯೊಳಗೆ ತಣ್ಣಗೆ, ಎಳನೀರು ಕುಡಿದ ಹಾಗೆ ಆಯಿತು.

ಮರುದಿನ ಅವರು ಮತ್ತೆ ತರಗತಿಯ ಕನ್ನಡಕ್ಕೆ ಬಂದಿದ್ದರು. "ಮೊದಲ ವರ್ಷದವರ ಬಾಟ್ಲಿ ಜೋಡಿಸೋ ಕೆಲಸ ಇನ್ಮೇಲೆ ಅಟೆಂಡರ್‌ಗೆ ಬೇಡ, ನೀನೇ ಮಾಡು. ಯಾವುದರ ನಂತರ ಯಾವುದು ಅಂತ ನಿಂಗೆ ಗೊತ್ತಿದೆಯಲ್ಲ, ಆ ಕ್ರಮ ತಪ್ಪಬಾರದು. ಜೂನಿನ ಚಿಂತೆ ನಂಗೆ ಬಿಡು," ಅಂದರು. ಅಷ್ಟೇ ನಮ್ಮ ಕರಾರು. ಬಾದಾಮಿ, ಮುಲಾಮು, ಆಸಿಡ್, ಪಿರಿಡಿನ್. ಮೂಗಿಲ್ಲದಿದ್ದರೇನು, ಕ್ರಮ ಬಾಯಿಪಾಠ ಇದ್ದರೆ ಸಾಕು.

ಹೊಸ ಮೊದಲ ವರ್ಷದವರು ಬಂದರು. ಪರಿಚಯ ಆಯಿತು. ಮುಂದಿನ ಬೆಂಚಿನಲ್ಲಿ ಮಾಗೋಡಿನ ಕಡೆಯ ಒಬ್ಬ ಹುಡುಗಿ ಇದ್ದಳು, ಊರಿಗೆ ಸರಿಯಾದ ಬಸ್ಸಿಲ್ಲದೆ ಶಿರಸಿಯಲ್ಲೇ ಹಾಸ್ಟೆಲಿನಲ್ಲಿ ಇದ್ದವಳು. ಅಪ್ಪ ಏನು ಮಾಡುತ್ತಾರೆ ಅಂದದ್ದಕ್ಕೆ, "ಕಾಡಿನ ಕೆಲಸಕ್ಕೆ ಹೋಗ್ತಾರೆ ಸರ್, ಇಲ್ಲದಾಗ ಬೇಡ್ತಿ ಹೊಳೇಲಿ ಬಲೆ ಹಾಕ್ತಾರೆ," ಅಂದಳು. ಜೋರಾಗಿ, ಸ್ಪಷ್ಟವಾಗಿ ಹೇಳಿದಳು. ಹಾಗೆ ಹೇಳಬಾರದಿತ್ತು ಎಂದು ನನಗೆ ಅಲ್ಲೇ ಅನ್ನಿಸಿತು.

ಸರ್ ಕಣ್ಣು ಕಟ್ಟಿಸಿಕೊಂಡು ಒಂದರ ಹಿಂದೆ ಒಂದು ಹೆಸರು ಹೇಳಿದರು. ಕೈ ಬೀಸುವ ಶೈಲಿ, ಮೂಗರಳಿಸುವ ಶೈಲಿ, ಒಂದೂ ಕಡಿಮೆಯಾಗಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಪಿರಿಡಿನ್ ಬಂತು. "ಇದು ಯಾರ ಮನೇದು?" ಎಂದು ಬೆಂಚುಗಳ ನಡುವೆ ಹೊರಟರು. ಇನ್ನು ಏನು ಮಾಡುತ್ತಾರೆ, ಯಾರ ಮುಂದೆ ನಿಲ್ಲುತ್ತಾರೆ ಎಂದು ನಾನು ಕುತೂಹಲದಿಂದ ನೋಡುತ್ತಿದ್ದೆ. ಸರ್ ಒಂದು ಕ್ಷಣವೂ ಅನುಮಾನಿಸಲಿಲ್ಲ. ಆ ಹುಡುಗಿಯ ಮುಂದೆ ನಿಂತು, ಎರಡು ಸಲ ಮೂಗೆಳೆದುಕೊಂಡು, "ಒಣಮೀನು," ಅಂದರು. "ಹೊಳೆ ಮೀನು, ಹೊಗೆ ಹಾಕಿ ಒಣಗಿಸಿದ್ದು. ನಿನ್ನೆ ರಾತ್ರಿದು. ಬಂತಾ?"

ನಾನು ಅವಳ ಪಕ್ಕದಲ್ಲೇ ಇದ್ದೆ. ಪಿರಿಡಿನ್ನಿನ ಬಾಟಲಿಗೆ ಬಿರಡೆ ಹಾಕಿಯಾಗಿತ್ತು. ಅವಳ ಮೈಯಿಂದ ಬರುತ್ತಿದ್ದದ್ದು ಕೊಬ್ಬರಿ ಎಣ್ಣೆ, ಬಟ್ಟೆ ಸೋಪು, ಹೊಸ ರೆಕಾರ್ಡ್ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯ ವಾಸನೆ. ಬೇರೆ ಏನೂ ಇಲ್ಲ. ಅವಳಿದ್ದ ಹಾಸ್ಟೆಲಿನಲ್ಲಿ ಮೊಟ್ಟೆಯನ್ನೂ ಬೇಯಿಸುವುದಿಲ್ಲ.

ಹುಡುಗಿ ತನ್ನ ವೇಲಿನ ತುದಿ ಮೂಸಿ ನೋಡಿದಳು. ಕಿವಿಯ ತನಕ ಕೆಂಪಾದಳು. "ಬಂತು ಸರ್," ಅಂದಳು. ಎಲ್ಲರ ಜೊತೆ ಅವಳೂ ನಕ್ಕಳು.

ಅವತ್ತು ಸಂಜೆ ಯಲ್ಲಾಪುರದ ಬಸ್ಸಿನಲ್ಲಿ ಕೂತವಳಿಗೆ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ. ಮೂಗು ಹೋದ ಮೇಲೂ ಸರ್‌ಗೆ ಮೀನಿನ ವಾಸನೆ ಬರುತ್ತದೆ. ಹಾಗಾದರೆ ಮೂಗು ಇದ್ದಾಗ ನನ್ನಿಂದ ಬಂದ ಮಟನ್ ಯಾವುದು? ಒಲೆಗೆ ಬೆಂಕಿ ಬೀಳದ ಆ ವಾರ, ಬೇಳೆ ಸಾರು ಉಂಡು ಹೋದ ನನ್ನ ಮೈಯಲ್ಲಿ ಅವರು ಮೂಸಿದ್ದು ಏನು? ಪರಿಚಯದಲ್ಲಿ ನಾನು ಹೇಳಿದ ಹೆಸರು, ಊರು, ಅಪ್ಪನ ಕೆಲಸ. ಅದನ್ನೇ ಮೂಸಿ ಹೇಳಿದ್ದರು. ಇಷ್ಟು ವರ್ಷ ನಾನು ಮೈ ತಿಕ್ಕಿ ತಿಕ್ಕಿ ತೊಳೆದದ್ದು ಇಲ್ಲದ ವಾಸನೆಯನ್ನು. ಎಂ.ಎಸ್ಸಿ. ಮಾಡಿದವಳು, ಮಿಶ್ರಣದ ಎರಡೂ ಪಾಲನ್ನು ಮೂಗಿನಿಂದ ಹೇಳಬಲ್ಲವಳು, ನನ್ನದೇ ತೋಳನ್ನು ಸರಿಯಾಗಿ ಮೂಸಲಿಲ್ಲ. ಆ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು.

ಚಳಿಗಾಲದಲ್ಲಿ ಕಾಲೇಜಿಗೆ ಒಂದು ತಪಾಸಣಾ ಸಮಿತಿ ಬರುವುದಿತ್ತು. ಗೋಡೆಗೆ ಬಣ್ಣ, ಹೂಕುಂಡ, ಬಾಗಿಲಿಗೆ ರಂಗೋಲಿ ಎಲ್ಲ ಶುರುವಾಯಿತು. ಪ್ರಾಂಶುಪಾಲರು ಸರ್ ಅವರನ್ನು ಕರೆದು, ಸಮಿತಿಯವರಿಗೆ ನಿಮ್ಮ ಮೂಗಿನದ್ದೊಂದು ಕಾರ್ಯಕ್ರಮ ಇಡೋಣ, ಬೇರೆ ಯಾವ ಕಾಲೇಜಿನಲ್ಲೂ ಇಲ್ಲದ್ದು ಎಂದರು. ಸರ್ ಒಪ್ಪಿಕೊಂಡರು. ಆ ಮೊದಲ ವರ್ಷದ ಬ್ಯಾಚನ್ನೇ ಕೂರಿಸುವುದು ಎಂದಾಯಿತು. "ಕ್ರಮ ಅದೇ," ಎಂದು ನನಗೆ ಹೇಳಿದರು. "ಹೌದು ಸರ್," ಅಂದೆ.

ಅವತ್ತು ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹೋದೆ. ಸ್ಟೋರ್ ರೂಮಿನಿಂದ ಒಮ್ಮೆಯೂ ಬಳಸದ ಹೊಸ ಕಂದು ಬಾಟಲಿಗಳನ್ನು, ಹೊಸ ಬಿರಡೆಗಳನ್ನು ತೆಗೆದೆ. ಹಳೆಯವನ್ನು ಎಷ್ಟು ತೊಳೆದರೂ ವಾಸನೆ ಉಳಿದುಬಿಡುತ್ತದೆ. ನಾಲ್ಕಕ್ಕೂ ಡಿಸ್ಟಿಲ್ಡ್ ನೀರು ತುಂಬಿಸಿದೆ. ಬರೀ ನೀರು.

ತನ್ನ ಮೂಗು ಕೊಯ್ದುಕೊಂಡು ಇನ್ನೊಬ್ಬರಿಗೆ ಅಪಶಕುನ ಮಾಡುವುದು ಎಂದರೆ ಇದೇ ಎಂದು ಗೊತ್ತಿತ್ತು. ಜೂನಿಗೆ ನನ್ನ ನೌಕರಿ ಹೋಗುತ್ತದೆ. ಹೋಗಲಿ. ಸರ್ ನೀರಿಗೆ ಬಾದಾಮಿ ಎನ್ನಬೇಕು, ಬಾಟಲಿ ಬೆಂಚಿಗೆ ಹೋಗಬೇಕು, ಮೊದಲ ಹುಡುಗ ಮೂಸಿ "ಬರಲಿಲ್ಲ ಸರ್" ಅನ್ನಬೇಕು. ಆಮೇಲೆ ಎರಡನೆಯವನು, ಮೂರನೆಯವನು. ಸಮಿತಿಯ ಎದುರಿಗೆ, ಪ್ರಾಂಶುಪಾಲರ ಎದುರಿಗೆ, ಆ ಹುಡುಗಿಯ ಎದುರಿಗೆ. ಅಷ್ಟಾದರೆ ಅವಳು ಇನ್ನೆಂದೂ ವೇಲಿನ ತುದಿ ಮೂಸಿಕೊಳ್ಳುವುದಿಲ್ಲ ಎಂದುಕೊಂಡೆ. ಅಷ್ಟು ದೊಡ್ಡ ಸುಖಕ್ಕೆ ಒಂದು ನೌಕರಿ ಹೆಚ್ಚಲ್ಲ ಅನ್ನಿಸಿತ್ತು.

ಸಮಿತಿಯವರು ಬಂದು ಕೂತರು. ಸರ್ ಕಣ್ಣು ಕಟ್ಟಿಸಿಕೊಂಡರು. ಮೊದಲ ಬಾಟಲಿ ತೆಗೆದುಕೊಂಡು ಕೈ ಬೀಸಿ, ತಲೆ ಸ್ವಲ್ಪ ಹಿಂದೆ ಮಾಡಿ, "ಬೆಂಜಾಲ್ಡಿಹೈಡ್. ಕಹಿ ಬಾದಾಮಿ," ಅಂದರು. ಬಾಟಲಿ ಮುಂದಿನ ಬೆಂಚಿಗೆ ಹೋಯಿತು. ಸಿದ್ದಾಪುರದ ಕಡೆಯ ಹುಡುಗ, ಕ್ಲಾಸಿಗೇ ಬುದ್ಧಿವಂತ. ಮೂಸಿದ. ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಮೂಸಿದ. ಅವನು ತಲೆ ಎತ್ತಿ ಸರ್ ಮುಖ ನೋಡಿದ.

"ಬಂತಾ?"

"ಬಂತು ಸರ್," ಅಂದ.

ಪಕ್ಕದವಳಿಗೂ ಬಂತು. ಅವಳ ಹಿಂದಿನವನಿಗೂ ಬಂತು. ಬೆಂಚಿನಿಂದ ಬೆಂಚಿಗೆ ನೀರಿನ ಬಾಟಲಿ ಹೋಗುತ್ತಿತ್ತು, ಬಂತು ಸರ್, ಬಂತು ಸರ್. ಒಬ್ಬ ಕಣ್ಣು ಮುಚ್ಚಿ ಆಸ್ವಾದಿಸಿದ. ಸಮಿತಿಯ ಹೆಂಗಸೊಬ್ಬರು ತಾವಾಗಿಯೇ ಕೇಳಿ ತೆಗೆದುಕೊಂಡು, ಕನ್ನಡಕ ಮೇಲೇರಿಸಿ ಮೂಸಿ, "ನಮ್ಮಲ್ಲಿ ಕೇಸರಿಬಾತಿಗೆ ಹಾಕುವ ಎಸೆನ್ಸ್ ಇದೇ ಅಲ್ಲವೇ," ಅಂದರು. ಎರಡನೆಯ ಬಾಟಲಿಯ ನೀರಿನಲ್ಲಿ ಎಲ್ಲರಿಗೂ ಮುಲಾಮು ಬಂತು. ಮೂರನೆಯದಕ್ಕೆ ಒಬ್ಬಳು ಮೂಗು ಉರಿಯುತ್ತದೆ ಎಂದು ಉಜ್ಜಿಕೊಂಡಳು.

ಕೊನೆಯ ಬಾಟಲಿ. ಸರ್ ಬಿರಡೆ ತೆಗೆಯುತ್ತಿದ್ದ ಹಾಗೇ ಮುಂದಿನ ಬೆಂಚಿನವರು ಕರವಸ್ತ್ರ ಮುಚ್ಚಿಕೊಂಡರು. "ಪಿರಿಡಿನ್. ಇದು ಯಾರ ಮನೇದು?" ಅಂದರು. ಈ ಸಲ ಅವರು ಬೆಂಚುಗಳ ನಡುವೆ ಹೋಗಬೇಕಾಗಿಯೇ ಇರಲಿಲ್ಲ. ಕ್ಲಾಸಿಗೆ ಕ್ಲಾಸೇ ಮೂಗು ಮುಚ್ಚಿಕೊಂಡು ಆ ಹುಡುಗಿಯ ಕಡೆ ತಿರುಗಿತು. ಸಮಿತಿಯವರಿಗೂ ನಗು ಬಂತು. ಅವಳು ಎದ್ದು ಬಂದು, ಅದು ತನ್ನದೇ ಎಂಬ ಹಾಗೆ ಬಾಟಲಿ ತೆಗೆದುಕೊಂಡಳು. ಒಮ್ಮೆ ಮೂಸಿದಳು. ಓಕರಿಕೆ ಬಂದವಳ ಹಾಗೆ ಮುಖ ತಿರುಗಿಸಿದಳು. ನಿಜವಾಗಿ ಓಕರಿಕೆ ಬಂದಿತ್ತು, ಗಂಟಲು ಏರಿಳಿದದ್ದನ್ನು ನಾನು ನೋಡಿದೆ.

"ಅದು ನೀರು," ಅಂದೆ.

ಎಲ್ಲರೂ ನನ್ನನ್ನು ನೋಡಿದರು. "ನಾಲ್ಕರಲ್ಲೂ ಇರೋದು ನೀರು. ಯಾವುದರಲ್ಲೂ ವಾಸನೆ ಇಲ್ಲ. ನಾನೇ ತುಂಬಿಸಿದ್ದು."

ಸರ್ ಕರವಸ್ತ್ರ ಬಿಚ್ಚಿದರು. ನನ್ನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು ಎಂದು ಕಣ್ಣಿನಲ್ಲೇ ಗೊತ್ತಾಯಿತು. ಒಂದು ಗಳಿಗೆ ಮುಖ ಸುಣ್ಣದ ಹಾಗಾಯಿತು. ಆಮೇಲೆ ಅವರು ಕರವಸ್ತ್ರವನ್ನು ನಿಧಾನಕ್ಕೆ ಮಡಚಿ ಜೇಬಿಗೆ ಹಾಕಿಕೊಂಡು, ಸಮಿತಿಯವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದರು.

"ನಮ್ಮ ಮೇಡಂಗೆ ಜ್ವರ ಬಂದು ಹೋದ ಮೇಲೆ ಮೂಗು ಹೋಗಿದೆ. ಎಂತದೂ ವಾಸನೆ ಬರೋದಿಲ್ಲ. ಯಾರ ಹತ್ರನೂ ಹೇಳಬೇಡಿ ಅಂತ ನನ್ನ ಹತ್ರ ಅತ್ತಿದ್ಲು. ನಾನೂ ಇಷ್ಟು ದಿನ ಮುಚ್ಚಿಟ್ಟೆ. ಪಾಪ."

ಪಾಪ ಎಂಬ ಮಾತು ಕೋಣೆಯಲ್ಲೆಲ್ಲ ಓಡಾಡಿತು. ಆ ಕನ್ನಡಕದ ಹೆಂಗಸು ನನ್ನ ಕಡೆ ನೋಡಿ ತಲೆಯಾಡಿಸಿದರು. ಸರ್ ಅಟೆಂಡರ್‌ಗೆ, "ತೆಗೆದು ಚೆಲ್ಲು ಅದನ್ನ, ತಲೆ ನೋವು ಬರ್ತದೆ," ಅಂದರು. ಅವನು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ನಾಲ್ಕೂ ಬಾಟಲಿ ನೀರನ್ನು ಸಿಂಕಿಗೆ ಸುರಿದು, ಮೇಲೆ ನಲ್ಲಿ ಬಿಟ್ಟ. ಅದನ್ನು ಕಿತ್ತುಕೊಂಡು ಗಟಗಟ ಕುಡಿದು ತೋರಿಸಬೇಕಿತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ. ಅಪ್ಪನಿಗೆ ಹೇಳುವುದು ಸುಲಭ. ಆ ಕೋಣೆಯಲ್ಲಿ ಅಷ್ಟು ಜನ ಮೂಗು ಮುಚ್ಚಿಕೊಂಡು ಕೂತಿದ್ದಾಗ ನನ್ನ ಕೈ ಮುಂದೆ ಹೋಗಲಿಲ್ಲ.

ಸಮಿತಿಯವರು ಊಟಕ್ಕೆ ಎದ್ದ ಮೇಲೆ ಸರ್ ಮೇಜಿನ ಹತ್ತಿರ ಹೋದೆ. ಅವರು ಪೇಪರ್ ತಿದ್ದುತ್ತಿದ್ದರು.

"ನೀರೇ ಇತ್ತು ಸರ್."

"ಗೊತ್ತಾತು. ಮಕ್ಕಳಿಗೆ ವಾಸ್ನೆ ಬಂತಲೆ."

"ನಾನು ಮೊದಲ ವರ್ಷ ಇದ್ದಾಗ ನಿಮಗೆ ಮೂಗಿತ್ತು. ಅವತ್ತು ನನ್ನಿಂದ ಏನು ವಾಸನೆ ಬಂದಿತ್ತು?"

ಇದೊಂದಕ್ಕೆ ಉತ್ತರ ಬೇಕಿತ್ತು ನನಗೆ. ನೌಕರಿಗಿಂತ ಹೆಚ್ಚಾಗಿ ಬೇಕಿತ್ತು. ಅವರು ಪೆನ್ನು ಕೆಳಗಿಟ್ಟು ನಿಜವಾಗಿಯೂ ಯೋಚಿಸಿದರು.

"ಅದೆಲ್ಲ ಯಾರಿಗೆ ನೆನಪಿರ್ತು?" ಅಂದರು. "ನಿಂಗೂ ಬಂದಿತ್ತಲೆ, ನೀನೇ ಹೇಳು."

ಜೂನಿನಲ್ಲಿ ನನ್ನನ್ನು ಕರೆಯಲಿಲ್ಲ. ವಾಸನೆ ತಿಳಿಯದವರನ್ನು ಲ್ಯಾಬಿನಲ್ಲಿ ಇಟ್ಟುಕೊಳ್ಳುವುದು ಮಕ್ಕಳ ಜೀವಕ್ಕೆ ಅಪಾಯ, ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ ಎಂದು ಸರ್ ಬರೆದು ಕೊಟ್ಟಿದ್ದರಂತೆ. ಮಾತು ಸರಿಯಾಗಿಯೇ ಇತ್ತು. ಏಪ್ರನ್ ಹಿಂದೆ ಕೊಡಲು ಹೋದಾಗ ಲ್ಯಾಬಿನಲ್ಲಿ ಅವರು ಒಬ್ಬರೇ ಇದ್ದರು. ತಲೆ ಎತ್ತಲಿಲ್ಲ. ಈಗ ನಾನು ಯಲ್ಲಾಪುರದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಶನ್ ಹೇಳುತ್ತೇನೆ. ಬೋರ್ಡು, ಚಾಕ್‌ಪೀಸು. ಬಾಟಲಿಗಳಿಲ್ಲ.

ಏಪ್ರನ್ ಕೊಟ್ಟು ಬರುವಾಗ ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ರಜೆ ಮುಗಿಸಿ ಹಾಸ್ಟೆಲಿಗೆ ಬಂದಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. ನನ್ನನ್ನು ನೋಡಿ ಓಡಿ ಬಂದಳು. ಬಂದವಳು ಒಂದು ಮಾರು ದೂರದಲ್ಲೇ ನಿಂತಳು.

"ಮೇಡಂ, ನೀವು ಇನ್ನು ಬರೋದಿಲ್ವಂತೆ, ಹೌದಾ? ನನ್ನ ಅಣ್ಣಂಗೂ ಜ್ವರದಲ್ಲಿ ಹಿಂಗೇ ಆಗಿತ್ತು. ಆಮೇಲೆ ವಾಸನೆ ಬಂತು. ನಿಮಗೂ ಬರ್ತದೆ ಮೇಡಂ, ಬೇಜಾರ ಮಾಡ್ಕೋಬೇಡಿ."

ಹತ್ತಿರ ಬಾ ಅಂದೆ. ಬರಲಿಲ್ಲ. ನಾನೇ ಹತ್ತಿರ ಹೋದೆ. "ನನ್ನ ಮೂಗು ಸರಿಯಾಗಿದೆ. ನಿನ್ನ ಮೈಯಿಂದ ಕೊಬ್ಬರಿ ಎಣ್ಣೆ, ಸೋಪಿನ ವಾಸನೆ ಬರ್ತಾ ಇದೆ. ಅಷ್ಟೇ. ಮೀನು ಇಲ್ಲ. ಅವತ್ತೂ ಇರಲಿಲ್ಲ," ಅಂದೆ.

ಅವಳು ನನ್ನನ್ನು ಬಹಳ ಮರುಕದಿಂದ ನೋಡಿದಳು.

"ನಿಮಗೆ ಗೊತ್ತಾಗೋದಿಲ್ವಲ್ಲ ಮೇಡಂ, ಅದಕ್ಕೇ ಹಂಗ ಹೇಳ್ತೀರಿ," ಅಂದಳು. ಚೀಲ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.